ಮಾರ್ಸಿಯಾನೋ ಯಾಕೆ ಹೋಮ್ಸ್‌ಗಿಂತ ಕೆಳಗೆ?

ಓದುಗರ ಪತ್ರ: ಹಿಂದಿನ ಸಂಚಿಕೆಯ ಹೆವಿವೇಟ್ ಬಾಕ್ಸಿಂಗ್ ಲೇಖನದಲ್ಲಿ ಮುಹಮ್ಮದ್ ಅಲಿ, ಜೋ ಲೂಯಿಸ್, ಲ್ಯಾರಿ ಹೋಮ್ಸ್, ಆಮೇಲೆ ರಾಕಿ ಮಾರ್ಸಿಯಾನೋ ಎಂದು ಸಾಲು ಹಚ್ಚಿದ್ದೀರಿ. 49 ಪಂದ್ಯ ಆಡಿ ಒಂದನ್ನೂ ಸೋಲದವನು ನಾಲ್ಕನೆಯವನು, ಮೈಕೆಲ್ ಸ್ಪಿಂಕ್ಸ್ ಕೈಯಲ್ಲಿ ಎರಡು ಸಲ ಸೋತವನು ಮೂರನೆಯವನು! ಮಾರ್ಸಿಯಾನೋನ ಎದುರಾಳಿಗಳಿಗೆ ವಯಸ್ಸಾಗಿತ್ತು ಎನ್ನುತ್ತೀರಿ. ತನ್ನ ಕಾಲದಲ್ಲಿ ಇದ್ದವರನ್ನು ಬಿಟ್ಟು ಅವನು ಇನ್ಯಾರನ್ನು ಹೊಡೆಯಬೇಕಿತ್ತು? ದಸರಾ ಕುಸ್ತಿಯನ್ನು ಚಿಕ್ಕಂದಿನಿಂದ ನೋಡಿದವನು ನಾನು. ಮಟ್ಟಿಯಲ್ಲಿ ಚಿತ್ತಾಗದವನೇ ದೊಡ್ಡ ಪೈಲ್ವಾನ.

ಸಂಪಾದಕರ ಉತ್ತರ:

ಆತ್ಮೀಯರೇ, ನಮಸ್ಕಾರ. ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವುದನ್ನೂ ನೀವು ನೋಡಿರುತ್ತೀರಿ. ಮೈತೂಕ, ವಯಸ್ಸು, ಹಿಂದಿನ ಕುಸ್ತಿಗಳನ್ನೆಲ್ಲ ನೋಡಿ ಸಮಜೋಡಿ ಹುಡುಕುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವವರು ಮ್ಯಾನೇಜರುಗಳು, ಪ್ರಮೋಟರುಗಳು. ಅವರಿಗೆ ಬೇಕಾದದ್ದು ತಮ್ಮ ಹುಡುಗನ ಗೆಲುವು. ಹಾಗಾಗಿ ಅಲ್ಲಿ ‘ಸೋಲೇ ಇಲ್ಲ’ ಎಂದಾಗ ಎದುರಿಗೆ ಯಾರನ್ನು ನಿಲ್ಲಿಸಿದ್ದರು ಎಂದು ಕೇಳಲೇಬೇಕು. ಮಾರ್ಸಿಯಾನೋನ ಮೊದಲ ವರ್ಷಗಳ ಪಂದ್ಯಗಳು ಬಹುಪಾಲು ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿ, ಹೆಸರಿಲ್ಲದ ಹುಡುಗರ ಮೇಲೆ ನಡೆದವು. ಅವನ್ನು ಬದಿಗಿಟ್ಟರೆ ಉಳಿಯುವ ದೊಡ್ಡ ಹೆಸರುಗಳು ನಾಲ್ಕು: ಲೂಯಿಸ್, ಜರ್ಸಿ ಜೋ ವಾಲ್ಕಾಟ್, ಎಜರ್ಡ್ ಚಾರ್ಲ್ಸ್, ಆರ್ಚಿ ಮೂರ್.

ನಾಲ್ವರೂ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಯಸ್ಸು ಎಂದ ಕೂಡಲೇ ನಾಲ್ವರನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೂ ಒಪ್ಪಿಗೆಯಿಲ್ಲ. 1951ರ ಅಕ್ಟೋಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಂಟನೇ ಸುತ್ತಿಗೆ ಬಿದ್ದ ಲೂಯಿಸ್‌ಗೆ 37 ವರ್ಷ. ತೆರಿಗೆ ಸಾಲ ತೀರಿಸಲು ಮತ್ತೆ ಕೈಗವಸು ತೊಟ್ಟವನು, ಹಿಂದಿನ ವರ್ಷವೇ ಚಾರ್ಲ್ಸ್‌ಗೆ ಹದಿನೈದು ಸುತ್ತು ಆಡಿ ಸೋತಿದ್ದವನು. ಆ ಗೆಲುವಿನಲ್ಲಿ ಹೆಸರು ದೊಡ್ಡದು, ತೂಕ ಕಡಿಮೆ.

ವಾಲ್ಕಾಟ್‌ನ ಕಥೆಯೇ ಬೇರೆ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಅವನಿಗೆ 38. ಆದರೆ ಚಾಂಪಿಯನ್ ಆಗಿದ್ದೇ 37ರಲ್ಲಿ, ಅದೂ ಚಾರ್ಲ್ಸ್‌ನನ್ನು ನಾಕೌಟ್ ಮಾಡಿ. ಮೊದಲ ಸುತ್ತಿನಲ್ಲೇ ಎಡಗೈ ಹುಕ್ ಒಂದರಿಂದ ಮಾರ್ಸಿಯಾನೋನನ್ನು ನೆಲಕ್ಕೆ ಕೆಡವಿದ. ಮಾರ್ಸಿಯಾನೋ ವೃತ್ತಿಯಲ್ಲಿ ಬಿದ್ದದ್ದು ಅದೇ ಮೊದಲು. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದ. ಹದಿಮೂರನೆಯದರಲ್ಲಿ ಅವನು ಹಗ್ಗದ ಕಡೆ ಸರಿದ. ಇಬ್ಬರೂ ಒಟ್ಟಿಗೇ ಬಲಗೈ ಬೀಸಿದರು, ಮಾರ್ಸಿಯಾನೋನದು ಮೊದಲು ತಲುಪಿತು. ಒಂದು ಗೇಣಿನಷ್ಟು ದೂರ ಬಂದ ಗುದ್ದು ಅದು. ವಾಲ್ಕಾಟ್‌ನ ಎಡತೋಳು ಹಗ್ಗಕ್ಕೆ ಸಿಕ್ಕಿಕೊಂಡಿತು, ಮೈ ನಿಧಾನವಾಗಿ ಮಂಡಿಯ ಮೇಲೆ ಕುಸಿಯಿತು. ಆ ರಾತ್ರಿಯ ವಾಲ್ಕಾಟ್‌ನನ್ನು ಮುದುಕ ಎಂದು ಕರೆಯುವವರು ಆ ಪಂದ್ಯವನ್ನು ನೋಡಿಲ್ಲ.

1954ರಲ್ಲಿ ಚಾರ್ಲ್ಸ್ ಮೇಲೆ ಪಡೆದ ಎರಡೂ ಪೂರ್ತಿ ತೂಕದ ಗೆಲುವುಗಳೇ. ಮೊದಲ ಸಲ ಚಾರ್ಲ್ಸ್‌ಗೆ ಇನ್ನೂ 32, ಹದಿನೈದು ಸುತ್ತು ನಿಂತ. ಎರಡನೇ ಸಲ ಮಾರ್ಸಿಯಾನೋನ ಮೂಗು ಸೀಳಿತು, ವೈದ್ಯರು ಪಂದ್ಯ ನಿಲ್ಲಿಸಿಬಿಡಬಹುದು ಎನ್ನುವ ಹೊತ್ತಿನಲ್ಲಿ ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಮಲಗಿಸಿದ. ಮಾರ್ಸಿಯಾನೋನನ್ನು ಪ್ರೀತಿಸುವುದಾದರೆ ಸೊನ್ನೆ ಸೋಲಿಗಲ್ಲ, ಆ ಎರಡು ರಾತ್ರಿಗಳಿಗೆ ಪ್ರೀತಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಿದ್ದೂ ಚಾರ್ಲ್ಸ್ ತನ್ನ ಅತ್ಯುತ್ತಮ ಆಟ ಆಡಿದ್ದು ನಲವತ್ತರ ದಶಕದಲ್ಲಿ, ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೈಟ್ ಹೆವಿವೇಟ್ ತೂಕದಲ್ಲಿ. ಮೂರ್ ಕೂಡ ಅದೇ ತೂಕದ ಚಾಂಪಿಯನ್.

ಈಗ ನಮ್ಮಿಬ್ಬರ ಜಗಳದ ನಡುಮಧ್ಯಕ್ಕೆ ಬರೋಣ. ಒಬ್ಬ ಎದುರಾಳಿ ಹಿಂದೆ ಏನು ಮಾಡಿದ್ದ ಎಂದು ಎಲ್ಲರೂ ನೋಡುತ್ತಾರೆ. ಸೋತ ಮೇಲೆ ಏನು ಮಾಡಿದ ಎಂದು ನೋಡುವವರು ಕಡಿಮೆ. ಮಾರ್ಸಿಯಾನೋ ಸೋಲಿಸಿದವರಲ್ಲಿ ಒಬ್ಬನೂ ಆಮೇಲೆ ಹೆವಿವೇಟ್ ಪಟ್ಟ ಗೆಲ್ಲಲಿಲ್ಲ. ಅವನು 1956ರಲ್ಲಿ ನಿವೃತ್ತನಾದಾಗ ಖಾಲಿಯಾದ ಪಟ್ಟ ಅದೇ ವರ್ಷ 21ರ ಫ್ಲಾಯ್ಡ್ ಪ್ಯಾಟರ್ಸನ್‌ಗೆ ಹೋಯಿತು. ಏರುತ್ತಿರುವ ಹುಡುಗನೊಬ್ಬ ಮಾರ್ಸಿಯಾನೋನ ಆರು ಪಟ್ಟರಕ್ಷಣೆಗಳಲ್ಲಿ ಎಲ್ಲೂ ಇಲ್ಲ.

ಹೋಮ್ಸ್‌ನ ಪಟ್ಟಿ ತೆಗೆಯಿರಿ. 1979ರಲ್ಲಿ ಮೈಕ್ ವೀವರ್‌ನನ್ನು ಹನ್ನೆರಡನೇ ಸುತ್ತಿನಲ್ಲಿ ನಿಲ್ಲಿಸಿದಾಗ ‘ಇವನ್ಯಾರು’ ಎನ್ನುವಂತಿತ್ತು. ವರ್ಷ ತುಂಬುವುದರೊಳಗೆ ಅದೇ ವೀವರ್ ಜಾನ್ ಟೇಟ್‌ನನ್ನು ಕೊನೆಯ ಸುತ್ತಿನಲ್ಲಿ ಕೆಡವಿ ಡಬ್ಲ್ಯುಬಿಎ (ವಿಶ್ವ ಬಾಕ್ಸಿಂಗ್ ಸಂಘ) ಚಾಂಪಿಯನ್ ಆದ. 1981ರಲ್ಲಿ ಹೋಮ್ಸ್‌ಗೆ ಸೋತ ಟ್ರೆವರ್ ಬರ್ಬಿಕ್ 1986ರಲ್ಲಿ ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಸಿಯ (ವಿಶ್ವ ಬಾಕ್ಸಿಂಗ್ ಮಂಡಳಿ) ಚಾಂಪಿಯನ್. 1983ರಲ್ಲಿ ಹೋಮ್ಸ್‌ನ ಬೆವರಿಳಿಸಿ ತೀರ್ಪಿನಲ್ಲಿ ಸೋತ ಟಿಮ್ ವಿದರ್‌ಸ್ಪೂನ್ ಮರುವರ್ಷವೇ ಚಾಂಪಿಯನ್. 1984ರಲ್ಲಿ ಸೋತ ಜೇಮ್ಸ್ ‘ಬೋನ್‌ಕ್ರಷರ್’ ಸ್ಮಿತ್ ಎರಡು ವರ್ಷಕ್ಕೆ ಚಾಂಪಿಯನ್. ಆ ಕಾಲದಲ್ಲಿ ಬೆಲ್ಟುಗಳು ಹಂಚಿಹೋಗಿ ಚಾಂಪಿಯನ್‌ಗಳು ಹೆಚ್ಚಾಗಿದ್ದರು, ನಿಜ. ಆ ಲೆಕ್ಕ ಕಳೆದರೂ ನಾಲ್ವರು ಕಡಿಮೆಯಲ್ಲ. ಜೊತೆಗೆ 1978ರಲ್ಲಿ ಕೆನ್ ನಾರ್ಟನ್ ಜೊತೆ ಹದಿನೈದು ಸುತ್ತು. ಇಬ್ಬರು ತೀರ್ಪುಗಾರರು ಹೋಮ್ಸ್‌ಗೆ, ಒಬ್ಬರು ನಾರ್ಟನ್‌ಗೆ, ಮೂವರದೂ ಒಂದೇ ಅಂಕದ ಅಂತರ. ಎರ್ನಿ ಶೇವರ್ಸ್‌ನ ಬಲಗೈಗೆ ಏಳನೇ ಸುತ್ತಿನಲ್ಲಿ ಬಿದ್ದು, ಎದ್ದು, ಹನ್ನೊಂದರಲ್ಲಿ ಮುಗಿಸಿದ್ದೂ ಇದೆ.

1980ರಲ್ಲಿ ಅಲಿಯನ್ನು ಸೋಲಿಸಿದ್ದಕ್ಕೆ ಹೋಮ್ಸ್‌ಗೆ ನಾನು ಒಂದಂಕವನ್ನೂ ಕೊಟ್ಟಿಲ್ಲ. 38ರ ಅಲಿ ಆ ರಾತ್ರಿ ನಿಂತು ಹೊಡೆಸಿಕೊಂಡ, ಅಷ್ಟೆ. ಲೂಯಿಸ್ ವಿಷಯದಲ್ಲಿ ಮಾರ್ಸಿಯಾನೋಗೆ ಹಾಕಿದ ಅಳತೆಯೇ ಇದು. ಅಲಿಗೂ ಬಿಟ್ಟಿಲ್ಲ: 1966ರ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಪಂದ್ಯದ ಸೊಗಸನ್ನು ಎಲ್ಲರೂ ಹೊಗಳುತ್ತಾರೆ, ಆದರೆ ವಿಲಿಯಮ್ಸ್ ಅದಕ್ಕೆ ಎರಡು ವರ್ಷ ಮುಂಚೆ ಪೊಲೀಸನ ಗುಂಡೇಟು ತಿಂದು ಬದುಕುಳಿದವನು. ಅಲಿ ಮೊದಲ ಸ್ಥಾನದಲ್ಲಿರುವುದು 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಗೆದ್ದದ್ದಕ್ಕೆ. ಅಲಿಯನ್ನು ಸೋಲಿಸಿದ್ದ ಜೋ ಫ್ರೇಜಿಯರ್‌ನನ್ನೂ ನಾರ್ಟನ್‌ನನ್ನೂ ಎರಡೆರಡೇ ಸುತ್ತಿನಲ್ಲಿ ಮುಗಿಸಿದ್ದ ಜಾರ್ಜ್ ಫೋರ್‌ಮನ್‌ಗೆ ಆಗ 25 ವರ್ಷ, 40 ಪಂದ್ಯ, ಒಂದೂ ಸೋಲಿಲ್ಲ. ಅಂಥವನನ್ನು ಅವನ ಏರುಗಾಲದಲ್ಲಿ ನಾಕೌಟ್ ಮಾಡಿದ ಇನ್ನೊಂದು ಗೆಲುವು ಈ ತೂಕದ ಚರಿತ್ರೆಯಲ್ಲಿ ನನಗೆ ಕಾಣುವುದಿಲ್ಲ.

ಸ್ಪಿಂಕ್ಸ್ ವಿಷಯ. 1985ರ ಸೆಪ್ಟೆಂಬರಿನಲ್ಲಿ ಹೋಮ್ಸ್ 48 ಗೆಲುವಿನ ಮೇಲೆ ಸೋತಾಗ ಅವನಿಗೆ 35 ದಾಟಿತ್ತು. ಮಾರ್ಸಿಯಾನೋ 32ಕ್ಕೇ ಬಿಟ್ಟ. ಸರಿಯಾದ ಹೊತ್ತಿಗೆ ಬಿಟ್ಟದ್ದು ಅವನ ವಿವೇಕ, ಅದಕ್ಕೆ ನನ್ನ ಗೌರವವಿದೆ. ಆದರೆ ಆ ವಿವೇಕವನ್ನು ರಿಂಗಿನೊಳಗಿನ ಗೆಲುವು ಎಂದು ಲೆಕ್ಕ ಹಾಕಲಾಗದು.

‘ಇನ್ಯಾರನ್ನು ಹೊಡೆಯಬೇಕಿತ್ತು?’ ಎಂದು ಕೇಳಿದ್ದೀರಿ. ಇದು ನ್ಯಾಯವಾದ ಪ್ರಶ್ನೆ. ಒಳ್ಳೆಯ ಎದುರಾಳಿಗಳಿಲ್ಲದ ಕಾಲದಲ್ಲಿ ಹುಟ್ಟಿದ್ದು ಯಾರ ತಪ್ಪೂ ಅಲ್ಲ, ಮಾರ್ಸಿಯಾನೋ ಯಾರಿಗೂ ಹೆದರಿ ತಪ್ಪಿಸಿಕೊಂಡವನೂ ಅಲ್ಲ. ತಪ್ಪು ಹಿಡಿಯಬೇಕಾದದ್ದು ಕಣ್ಣೆದುರಿಗೆ ಇದ್ದವನನ್ನು ಬಿಟ್ಟಾಗ, ಮತ್ತು ಆ ತಪ್ಪು ಹೋಮ್ಸ್‌ನದು. 1983ರಲ್ಲಿ ಡಬ್ಲ್ಯುಬಿಸಿ ಗ್ರೆಗ್ ಪೇಜ್ ಜೊತೆ ಆಡು ಎಂದರೆ, ಬರೀ ಹತ್ತು ಪಂದ್ಯ ಆಡಿದ್ದ ಮಾರ್ವಿಸ್ ಫ್ರೇಜಿಯರ್‌ನನ್ನು ಆರಿಸಿಕೊಂಡ, ಒಂದೇ ಸುತ್ತಿನಲ್ಲಿ ಮುಗಿಸಿದ, ಆಮೇಲೆ ಆ ಬೆಲ್ಟನ್ನೇ ಬಿಟ್ಟುಕೊಟ್ಟ. ಹೋಮ್ಸ್‌ನನ್ನು ಲೂಯಿಸ್‌ಗಿಂತ ಕೆಳಗೆ ಇಟ್ಟದ್ದು ಅದಕ್ಕೇ. ಮಾರ್ಸಿಯಾನೋಗಿಂತ ಕೆಳಗೆ ಇಳಿಸುವಷ್ಟು ದೊಡ್ಡ ತಪ್ಪು ಅದು ಎಂದು ನಿಮಗೆ ಅನ್ನಿಸಿದರೆ ಮತ್ತೆ ಬರೆಯಿರಿ, ಪತ್ರವನ್ನು ಪೂರ್ತಿ ಪ್ರಕಟಿಸುತ್ತೇನೆ.