ಪ್ರ: 'ಇ.ಟಿ.' ಗೆದ್ದ ವರ್ಷವೇ 'ದಿ ಥಿಂಗ್' ಯಾಕೆ ಸೋತಿತು?
ಹೌದು ಸರ್, ನೀವು ಕೇಳಿದ ಎರಡೂ ಸಿನಿಮಾ ಯೂನಿವರ್ಸಲ್ ಸ್ಟುಡಿಯೊದವರದ್ದೇ. 'ಇ.ಟಿ.' ಬಂದದ್ದು 1982ರ ಜೂನ್ 11ಕ್ಕೆ, 'ದಿ ಥಿಂಗ್' ಜೂನ್ 25ಕ್ಕೆ. ಬರೀ ಎರಡು ವಾರದ ಅಂತರ! ಅಮೆರಿಕದ ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ಮುದ್ದಾದ ಅನ್ಯಗ್ರಹ ಜೀವಿಗಾಗಿ ಕಣ್ಣೀರು ಹಾಕ್ತಿದ್ರು. ಭಯಾನಕ ಸಿನಿಮಾ 'ದಿ ಥಿಂಗ್'ನಲ್ಲೋ, ರೋಗಿಗೆ ಡಾಕ್ಟರು ಶಾಕ್ ಕೊಡಲು ಹೋದರೆ ಅವನ ಎದೆಯೇ ಬಾಯಿ ತೆರೆದು ಎರಡೂ ಕೈ ಕಚ್ಚಿ ತುಂಡರಿಸುತ್ತೆ. ಯಾರು ನೋಡ್ತಾರೆ ಹೇಳಿ? ಸಾಲದ್ದಕ್ಕೆ ಅದೇ ದಿನ ವಾರ್ನರ್‌ನವರ 'ಬ್ಲೇಡ್ ರನ್ನರ್' ಬೇರೆ ಬಂತು. ವಿಮರ್ಶಕರಂತೂ ಬರೀ ಹೇಸಿಗೆ ಅಂತ ಉಗಿದರು. ಆದರೆ ಎದೆ ಬಾಯಿ ತೆರೆಯುವ ಆ ದೃಶ್ಯದಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ನಿಜವಾಗಿಯೂ ಕೈಗಳಿಲ್ಲದ ಒಬ್ಬರಿಗೆ ಡಾಕ್ಟರ ಮುಖವಾಡ, ನಕಲಿ ಕೈ ಹಾಕಿ ಮೇಕಪ್ ಕಲಾವಿದ ರಾಬ್ ಬಾಟಿನ್ ಅವರ ತಂಡ ಮಾಡಿದ ಕರಾಮತ್ತು ಅದು. ಮುಂದೆ ವಿಡಿಯೊ ಕ್ಯಾಸೆಟ್‌ನಲ್ಲಿ ನೋಡಿದವರೇ ಈ ಸಿನಿಮಾಕ್ಕೆ ಹೆಸರು ತಂದುಕೊಟ್ಟರು. ನನ್ನ ಓಟಂತೂ ಅದಕ್ಕೇ.