ಮಗು ತುಳುವಿನಲ್ಲಿ ಹೇಳಿದ್ದನ್ನು ಮಲಯಾಳಂ ಠಾಣೆಯಲ್ಲಿ ಹೇಗೆ ಹೇಳಲಿ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಅಕ್ಕನ ಮಗಳಿಗೆ 13 ವರ್ಷ, ಕನ್ನಡ ಮೀಡಿಯಂನಲ್ಲಿ ಓದುತ್ತಿದ್ದಾಳೆ. ಮನೆಗೆ ಬಂದುಹೋಗುವ ಸಂಬಂಧಿಕನೊಬ್ಬ ಕೆಲವು ತಿಂಗಳಿಂದ ಅವಳ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದಾನಂತೆ. ನನ್ನ ಹತ್ತಿರ ಮಾತ್ರ ಹೇಳಿದ್ದಾಳೆ. ಅಕ್ಕನಿಗೆ ತಿಳಿಸಿದೆ. "ಠಾಣೆಯಲ್ಲಿ ಎಲ್ಲ ಮಲಯಾಳಂ. ಏನು ಬರೆದುಕೊಳ್ಳುತ್ತಾರೋ ಗೊತ್ತಾಗುವುದಿಲ್ಲ. ಮನೆಯೊಳಗೇ ಮುಗಿಸೋಣ" ಅನ್ನುತ್ತಾಳೆ. ಮಂಗಳೂರಿನಲ್ಲಿ ದೂರು ಕೊಡಬಹುದಾ?
– ಒಬ್ಬ ಚಿಕ್ಕಮ್ಮ

ಉತ್ತರ: ಮೊದಲು ಮಗುವಿಗೆ ಇಷ್ಟು ಹೇಳಿ: "ನೀನು ಹೇಳಿದ್ದು ಒಳ್ಳೆಯದಾಯಿತು. ನಿನ್ನದೇನೂ ತಪ್ಪಿಲ್ಲ." ಇಷ್ಟು ದಿನ ಯಾಕೆ ಹೇಳಲಿಲ್ಲ, ಯಾಕೆ ಕೂಗಲಿಲ್ಲ ಅಂತ ಕೇಳಬೇಡಿ. ಮನೆಯ ಒಬ್ಬೊಬ್ಬರ ಮುಂದೆಯೂ ಹೇಳಿಸಬೇಡಿ. ಅವಳು ಹೇಳಿದ್ದನ್ನು ಅವಳದ್ದೇ ಮಾತಿನಲ್ಲಿ, ತುಳುವಾದರೆ ತುಳುವಿನಲ್ಲೇ, ತಾರೀಕು ಹಾಕಿ ಬರೆದಿಡಿ. ಆ ಮನುಷ್ಯ ಮನೆಗೆ ಕಾಲಿಡುವುದು ಇವತ್ತೇ ನಿಲ್ಲಬೇಕು. ಆದರೆ ಕರೆಸಿ ಜಗಳ ಮಾಡಬೇಡಿ. ಹಾಗೆ ಮಾಡಿದರೆ ಮಗುವನ್ನು ಹೆದರಿಸಲು ಅವನಿಗೆ ಸಮಯ ಸಿಗುತ್ತದೆ.

ಮನೆಯೊಳಗೆ ಮುಗಿಸಲು ಕಾನೂನಿನಲ್ಲಿ ದಾರಿಯಿಲ್ಲ. 18 ವರ್ಷ ತುಂಬದವರನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರ ಪೋಕ್ಸೊ ಕಾಯ್ದೆ ಇದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ದೊಡ್ಡವರಿಗೆ 6 ತಿಂಗಳವರೆಗೆ ಜೈಲು, ದಂಡ ಆಗಬಹುದು. ಈಗ ನಿಮಗೂ ಗೊತ್ತಿದೆ, ಅಕ್ಕನಿಗೂ ಗೊತ್ತಿದೆ.

ಭಾಷೆಯ ಭಯ ನಮ್ಮ ಜಿಲ್ಲೆಯಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದೇ ಕಾರಣಕ್ಕೆ ಹಿಂದೆ ಸರಿಯಬೇಕಾಗಿಲ್ಲ. ಕನ್ನಡ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆ ಸ್ಥಳೀಯ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಹಾಗಾಗಿ ದೂರನ್ನು ಧೈರ್ಯವಾಗಿ ಕನ್ನಡದಲ್ಲೇ ಬರೆಯಿರಿ. ಪೋಕ್ಸೊ ಇನ್ನೂ ಮುಂದೆ ಹೋಗುತ್ತದೆ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ಅನುವಾದಕರನ್ನು ಕೊಡಲೇಬೇಕು. ಮಲಯಾಳಂ ಬರುವ ಪಕ್ಕದ ಮನೆಯವರನ್ನು ದಯವಿಟ್ಟು ಈ ಕೆಲಸಕ್ಕೆ ಕರೆದುಕೊಂಡು ಹೋಗಬೇಡಿ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಅಲ್ವಾ? ಅವರು ಮುಜುಗರದಿಂದ ಅರ್ಧ ಮಾತು ನುಂಗಿಬಿಡುವುದೂ ಉಂಟು.

ಹೇಳಿಕೆ ಕೊಡಲು ಮಗು ಠಾಣೆಗೆ ಹೋಗಬೇಕೆಂದೇನೂ ಇಲ್ಲ. ಪೊಲೀಸರು ನಿಮ್ಮ ಮನೆಗೇ ಬರಬಹುದು. ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಅಥವಾ ಅದಕ್ಕೂ ಮೇಲಿನವರು ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಜಗಲಿಯಲ್ಲೋ ಒಳಕೋಣೆಯಲ್ಲೋ, ಅವಳಿಗೆ ಹಿತವೆನಿಸುವ ಕಡೆ ಕೂತು ಮಾತಾಡಲಿ. ಅವಳು ನಂಬುವ ನೀವು ಪಕ್ಕದಲ್ಲಿರಬಹುದು. ಬರೆದದ್ದನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳುವಂತೆ ಕೇಳಿ. ಅಡಿಕೆ ಒಣಹಾಕುವ ಅಂಗಳದಲ್ಲಿ ಎಂದು ಅವಳು ಹೇಳಿದ್ದು ಮನೆಯೊಳಗೆ ಎಂದಾಗಿದ್ದರೆ, ಅಷ್ಟಮಿಯ ಮರುದಿನ ಎಂದದ್ದು ಅಷ್ಟಮಿ ದಿನ ಎಂದಾಗಿದ್ದರೆ ಅಲ್ಲೇ ತಿದ್ದಿಸಿ. ಮುಂದೆ ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಇಂಥದ್ದನ್ನೇ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಅದನ್ನು ತೆಗೆದುಕೊಳ್ಳದೆ ಬರಬೇಡಿ.

ಮಂಗಳೂರಿನಲ್ಲೂ ದೂರು ತೆಗೆದುಕೊಳ್ಳಬೇಕು. ಅದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಆದರೆ ಅದು ಕೊನೆಗೆ ನಿಮ್ಮೂರಿನ ಠಾಣೆಗೇ ವರ್ಗವಾಗುತ್ತದೆ. ತನಿಖೆ, ಕೋರ್ಟು ಎಲ್ಲ ಇಲ್ಲೇ. ನನ್ನ ಸಲಹೆ ಕೇಳಿದರೆ ಇಲ್ಲೇ ಕೊಡಿ. ಆಸ್ಪತ್ರೆಗೆ ಬೇಕಾದರೆ ಮಂಗಳೂರಿಗೆ ಹೋಗಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಇಂಥ ಪ್ರಕರಣದಲ್ಲಿ ತಕ್ಷಣದ ಚಿಕಿತ್ಸೆ ಎರಡೂ ರಾಜ್ಯಗಳಲ್ಲಿ ಉಚಿತ. ಹುಡುಗಿಯನ್ನು ಮಹಿಳಾ ಡಾಕ್ಟರೇ ಪರೀಕ್ಷಿಸಬೇಕು. ಮೈಮುಟ್ಟಿದ್ದಕ್ಕಿಂತ ಜಾಸ್ತಿ ಏನಾದರೂ ಈಚೆಗೆ ನಡೆದಿದ್ದರೆ ತಡ ಮಾಡಲೇಬೇಡಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಅವತ್ತಿನ ಬಟ್ಟೆ ಒಗೆಯದೆ ಪೇಪರ್ ಕವರಿನಲ್ಲಿಡಿ.

ಠಾಣೆಗೆ ಹೋಗಲು ಇನ್ನೂ ಕಾಲು ಬರುತ್ತಿಲ್ಲ ಅಂದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ. ಅಪಾಯ ಎದುರಿಗೇ ಇದ್ದರೆ 112. ಗಡಿ ಹತ್ತಿರ ಫೋನ್ ಕೆಲವೊಮ್ಮೆ ಆಚೆ ಕಡೆಯ ಟವರ್ ಹಿಡಿಯುತ್ತದೆ. ಹಾಗಾಗಿ ಯಾವ ರಾಜ್ಯ, ಯಾವ ಪಂಚಾಯತ್ ಎಂದು ಮೊದಲೇ ಹೇಳಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕೇಸು ಮುಗಿಯುವವರೆಗೆ ಮಗುವಿನ ಜೊತೆಗಿರಲು ಆ ಸಮಿತಿ ಒಬ್ಬರನ್ನು ನೇಮಿಸಬಹುದು. ಕನ್ನಡವೋ ತುಳುವೋ ಬಲ್ಲವರೇ ಬೇಕು ಎಂದು ಬರೆದು ಕೊಡಿ. ಇದನ್ನು ಕೇಳುವವರು ಕಡಿಮೆ. ನೀವು ಕೇಳಿ.

ಅಕ್ಕನ ಮೇಲೆ ಸಿಟ್ಟು ಬೇಡ. ಅವರಿಗೂ ನಿದ್ದೆ ಬರುತ್ತಿರಲಿಕ್ಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡ ಆಯ್ಕೆ ಮಾಡಿ ಮಾತಾಡಬಹುದು. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಫೋನ್ 15100.

ಪ್ರಶ್ನೆ: ಉಪ್ಪಳದ ಬಟ್ಟೆ ಅಂಗಡಿಯೊಂದರಲ್ಲಿ ನಾವು ಆರು ಜನ ಕೆಲಸಕ್ಕಿದ್ದೇವೆ. ಮಾಲೀಕರೇ ಮೈಗೆ ಕೈ ತಾಗಿಸುತ್ತಾರೆ, ರಾತ್ರಿ ಮೆಸೇಜ್ ಮಾಡುತ್ತಾರೆ. ಯಾರಿಗೆ ಹೇಳುವುದು?

ಉತ್ತರ: 10ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ, ಮಾಲೀಕರ ಮೇಲೆಯೇ ದೂರು ಇರುವ ಕಡೆಗೆ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ. ಕಾಸರಗೋಡಿನ ವಿದ್ಯಾನಗರದ ಕಲೆಕ್ಟರೇಟ್‌ನಲ್ಲಿ ವಿಚಾರಿಸಿ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಬರೆಯಲು ಕಷ್ಟವಾದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕರ್ತವ್ಯ. ಪೊಲೀಸರಿಗೂ ನೇರವಾಗಿ ದೂರು ಕೊಡಬಹುದು, ಒಂದು ಮಾಡಿದರೆ ಇನ್ನೊಂದು ತಪ್ಪುವುದಿಲ್ಲ. ಕೆಲಸ ಹೋಗುವ ಭಯ ನಿಮಗಿದ್ದೇ ಇರುತ್ತದೆ. ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಅಥವಾ ಕೇರಳದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯವರು ಹೆಂಗಸರಿಗಾಗಿ ನಡೆಸುವ ‘ಸ್ನೇಹಿತ’ ನೆರವು ಕೇಂದ್ರದಲ್ಲಿ ಕೂತು ಮಾತಾಡಿ. ಆ ಮೆಸೇಜ್‌ಗಳನ್ನು ಮಾತ್ರ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ನೀವು ನಂಬುವ ಇನ್ನೊಬ್ಬರ ಫೋನಿಗೂ ಕಳಿಸಿಡಿ.