ಒಕ್ಕೂಟ ಕಟ್ಟಿದೆವು, ಸಭೆಗೆ ಜನ ಬರುತ್ತಿಲ್ಲ

ಪ್ರಶ್ನೆ: ಅಕ್ಕಾ, ಸ್ತ್ರೀಶಕ್ತಿ ಸಂಘಗಳೂ ಯುವಕ ಸಂಘವೂ ಸೇರಿ ಒಕ್ಕೂಟ ಮಾಡಿಕೊಂಡಿದ್ದೇವೆ. ಹುಡುಗರಿಗೆ ಕೆಲಸದ ತರಬೇತಿ ಕೊಡಿಸುವ ಆಸೆ. ಸಭೆ ಕರೆದರೆ ಜನವೇ ಇಲ್ಲ. ಏನು ಮಾಡಲಿ?
– ಓದುಗಿ, ಹೊಸನಗರ ತಾಲ್ಲೂಕು

ಉತ್ತರ: ತಂಗೀ, ಸಭೆ ಕರೆದದ್ದು ಯಾವಾಗ? ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಹೆಂಗಸರು ರಾತ್ರಿಯವರೆಗೂ ಮೆಟ್ಟುಗತ್ತಿ ಬಿಟ್ಟು ಏಳುವುದಿಲ್ಲ. ಅವರನ್ನು ಪಂಚಾಯ್ತಿ ಕಟ್ಟಡಕ್ಕೆ ಕರೆಯಬೇಡಿ, ಸುಲಿಯುವ ಚಪ್ಪರಕ್ಕೆ ನೀವೇ ಹೋಗಿ. ಕೈ ಕೆಲಸದಲ್ಲಿದ್ದಾಗಲೇ ಮನಸ್ಸಿನ ಮಾತು ಹೊರಗೆ ಬರುತ್ತದೆ. ತೀರ್ಥಹಳ್ಳಿ ಕಡೆಯ ಸಂಘಗಳಲ್ಲಿ ನಾನು ಕಂಡದ್ದು ಇದೇ.

ತರಬೇತಿಗೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಕೇಳಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿಯದು. ಊಟ, ವಸತಿ ಎಲ್ಲ ಉಚಿತ. ಹೊಲಿಗೆ ಒಂದನ್ನೇ ಕೇಳಬೇಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಗದೆ ತೋಟದವರು ಕಂಗಾಲಾಗಿದ್ದಾರೆ. ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದನೆಯ ಹಗುರ ಗಳದಲ್ಲಿ, ನೆಲದ ಮೇಲೆ ನಿಂತೇ ಕೊನೆ ಕೊಯ್ಯಲು, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಕಲಿತ ಹುಡುಗನಿಗೆ ಊರಲ್ಲೇ ಕೆಲಸವಿದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ.

ಗ್ರಾಮಸಭೆ 6 ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕೆಂದು ಕಾನೂನಿದೆ. ಬೇಡಿಕೆಯನ್ನು ಅಲ್ಲಿ ಬರೆಸಿ. ಇನ್ನೊಂದು, ಓಡಾಟವನ್ನೆಲ್ಲ ನೀವೊಬ್ಬರೇ ಹೊರಬೇಡಿ. ಮಳೆಗಾಲದಲ್ಲಿ ಮನೆಯಿಂದ ಮನೆಗೆ ಹೋಗುವುದೇ ಕಷ್ಟ, ಕೇರಿಗೊಬ್ಬರನ್ನು ಈಗಲೇ ಗೊತ್ತುಮಾಡಿ.